ರಾಷ್ಟ್ರಪತಿಗೆ ನಾವೇಕೆ ಮತ ಹಾಕುವುದಿಲ್ಲ?



ಗ್ರಾಮ ಪಂಚಾಯಿತಿಯ ಸದಸ್ಯರನ್ನು ನಾವೇ ಆರಿಸುತ್ತೇವೆ. ಶಾಸಕರನ್ನೂ ಲೋಕಸಭಾ ಸದಸ್ಯರನ್ನೂ ನಾವೇ ಆರಿಸುತ್ತೇವೆ. ಆದರೆ ದೇಶದ ಪ್ರಥಮ ಪ್ರಜೆ ಎನಿಸಿದ ರಾಷ್ಟ್ರಪತಿಯ ಚುನಾವಣೆ ಬಂದಾಗ ಮಾತ್ರ ನಮ್ಮ ಬೆರಳಿಗೆ ಶಾಯಿ ಬೀಳುವುದಿಲ್ಲ. ಇದು ಮರೆವಿನಿಂದ ಆದದ್ದಲ್ಲ. ಸಂವಿಧಾನ ರಚನಾ ಸಭೆಯಲ್ಲಿ ಈ ಪ್ರಶ್ನೆ ಎದ್ದು, ವಾದ ನಡೆದು, ತೀರ್ಮಾನವಾದದ್ದು.

1947ರ ಜುಲೈ ತಿಂಗಳಲ್ಲಿ ಜವಾಹರಲಾಲ್ ನೆಹರೂ ಅವರು ಈ ಸಭೆಯ ಮುಂದೆ ತಮ್ಮ ಸಮಿತಿಯ ನಿಲುವನ್ನು ವಿವರಿಸಿದರು. ನಮ್ಮದು ಮಂತ್ರಿಮಂಡಲದ ಸರ್ಕಾರ. ನಿಜವಾದ ಅಧಿಕಾರ ಮಂತ್ರಿಮಂಡಲದಲ್ಲಿ ಇರಬೇಕು. ದೇಶದ ಜನರೆಲ್ಲ ಸೇರಿ ಒಬ್ಬರನ್ನು ಆರಿಸಿ, ಅವರಿಗೆ ಅಧಿಕಾರ ಕೊಡದಿದ್ದರೆ ಅದು ವಿಚಿತ್ರವಾದೀತು. ಜೊತೆಗೆ ಹಣ, ಶ್ರಮ, ಕಾಲ ಎಲ್ಲವೂ ವೆಚ್ಚವಾಗುತ್ತದೆ. ಇದು ಅವರ ವಾದದ ಸಾರ.

1948ರ ಡಿಸೆಂಬರಿನಲ್ಲಿ ಪ್ರೊ. ಕೆ.ಟಿ. ಷಾ ಇದಕ್ಕೆ ಎದುರು ನಿಂತರು. ವಯಸ್ಕರೆಲ್ಲರ ಮತದಿಂದಲೇ ರಾಷ್ಟ್ರಪತಿಯ ಆಯ್ಕೆಯಾಗಲಿ ಎಂದು ತಿದ್ದುಪಡಿ ತಂದರು. ಜನರಿಂದ ನೇರವಾಗಿ ಬಾರದ ರಾಷ್ಟ್ರಪತಿ, ಆಳುವ ಪಕ್ಷದ ಕೈಗೊಂಬೆಯಾಗಬಹುದೆಂಬ ಆತಂಕ ಅವರದು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಮತದಾರರ ಸಂಖ್ಯೆ ಅಪಾರ, ಚುನಾವಣೆ ನಡೆಸುವ ಸಿಬ್ಬಂದಿ ಸಾಲದು, ಮೇಲಾಗಿ ನಮ್ಮ ರಾಷ್ಟ್ರಪತಿ ಅಮೆರಿಕದ ಅಧ್ಯಕ್ಷರಂತೆ ಆಡಳಿತ ನಡೆಸುವವರಲ್ಲ ಎಂದು ಉತ್ತರಿಸಿದರು. ತಿದ್ದುಪಡಿ ಬಿದ್ದುಹೋಯಿತು. ಹೀಗಾಗಿ ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರಿಗೆ ಮಾತ್ರ ಈ ಮತದ ಹಕ್ಕು ಬಂದಿತು.

ಷಾ ಅವರ ಆತಂಕ ಪೊಳ್ಳಾಗಿರಲಿಲ್ಲ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ಫಕ್ರುದ್ದೀನ್ ಅಲಿ ಅಹಮದ್ ಸಹಿ ಹಾಕಿದರು. ಮಂತ್ರಿಮಂಡಲ ಸೇರಿ ಒಪ್ಪಿಗೆ ಕೊಟ್ಟದ್ದು ಮರುದಿನ ಬೆಳಗ್ಗೆ.

ಇನ್ನೊಂದು ಪ್ರಸಂಗ ಕನ್ನಡಿಗರೊಬ್ಬರದು. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಹೊಸದಾಗಿ ಬಂದ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಏಪ್ರಿಲ್ ತಿಂಗಳಲ್ಲಿ ಸಲಹೆ ನೀಡಿತು. ಜತ್ತಿಯವರು ಕೂಡಲೇ ಸಹಿ ಹಾಕದೆ ಹಿಂಜರಿದರು. ಮಂತ್ರಿಮಂಡಲ ಪಟ್ಟು ಹಿಡಿದಾಗ ಹಾಕಿದರು. ಅವರ ಹಿಂದೆ ಕೋಟ್ಯಂತರ ಜನರ ನೇರ ಮತ ಇದ್ದಿದ್ದರೆ ಏನಾಗುತ್ತಿತ್ತು? 'ನಿಮ್ಮನ್ನು ಆರಿಸಿದ ಜನರೇ ನನ್ನನ್ನೂ ಆರಿಸಿದ್ದಾರೆ' ಎನ್ನಬಹುದಿತ್ತು. ಒಂದೇ ಒರೆಯಲ್ಲಿ ಎರಡು ಕತ್ತಿ ಇಟ್ಟಂತೆ ಆಗುತ್ತಿತ್ತು. 1978ರ ನಲವತ್ತನಾಲ್ಕನೆಯ ತಿದ್ದುಪಡಿ ನಡುದಾರಿಯೊಂದನ್ನು ತೋರಿಸಿತು. ಸಲಹೆಯನ್ನು ಮರುಪರಿಶೀಲಿಸಿ ಎಂದು ರಾಷ್ಟ್ರಪತಿ ಒಮ್ಮೆ ಹಿಂದಿರುಗಿಸಬಹುದು. ಮತ್ತೆ ಅದೇ ಸಲಹೆ ಬಂದರೆ ಒಪ್ಪಲೇಬೇಕು.

ಪರೋಕ್ಷ ಚುನಾವಣೆಯೆಂದರೆ ಪೈಪೋಟಿಯೇ ಇಲ್ಲವೆಂದಲ್ಲ. 1969ರಲ್ಲಿ ಎಸ್. ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ಅಧ್ಯಕ್ಷರು. ಬೆಂಗಳೂರಿನಲ್ಲಿ ಸೇರಿದ ಪಕ್ಷದ ನಾಯಕರು ಅನಂತಪುರ ಜಿಲ್ಲೆಯ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯೆಂದು ಆರಿಸಿದರು. ಪ್ರಧಾನಿ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ಮತ ಹಾಕಿರೆಂದರು. ಮೊದಲ ಎಣಿಕೆಯಲ್ಲಿ ಯಾರಿಗೂ ಬೇಕಾದಷ್ಟು ಮತ ಬರಲಿಲ್ಲ. ಎರಡನೆಯ ಆಯ್ಕೆಯ ಮತಗಳನ್ನೂ ಸೇರಿಸಿದಾಗ ವಿ.ವಿ. ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಬಂದವು. ಅದೇ ವರ್ಷ ಪಕ್ಷವೇ ಇಬ್ಭಾಗವಾಯಿತು. ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು.

ಈ ಲಕ್ಷಗಟ್ಟಲೆ ಮತಗಳು ಎಲ್ಲಿಂದ ಬಂದವು ಎಂದು ಕೇಳುವಿರಿ. ಇಲ್ಲಿ ಪ್ರತಿ ಶಾಸಕರ ಮತಕ್ಕೆ ಒಂದು ಮೌಲ್ಯವಿದೆ. 2022ರ ಚುನಾವಣೆಯಲ್ಲಿ ಕರ್ನಾಟಕದ ಶಾಸಕರ ಮತಕ್ಕೆ 131, ಕೇರಳದವರಿಗೆ 152, ತಮಿಳುನಾಡಿಗೆ 176, ಮಹಾರಾಷ್ಟ್ರಕ್ಕೆ 175, ಆಂಧ್ರಕ್ಕೆ 159, ತೆಲಂಗಾಣಕ್ಕೆ 132, ಗೋವೆಗೆ 20. ಹಾಗಾದರೆ ತಾಳವಾಡಿಯವರ ತೂಕ ಚಾಮರಾಜನಗರದವರಿಗಿಂತ ಹೆಚ್ಚೇ? ಇಲ್ಲ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸುತ್ತಾರೆ. ಅಂದರೆ ಗಡಿಯ ಈಚೆಗೂ ಆಚೆಗೂ ಸಾವಿರ ಜನಕ್ಕೆ ಒಂದು ಮತ ಎಂಬ ಒಂದೇ ಅಳತೆ. ತಮಿಳುನಾಡಿನ ಒಬ್ಬ ಶಾಸಕರ ಪಾಲಿಗೆ ಹೆಚ್ಚು ಜನ ಬರುತ್ತಾರೆ, ಅಷ್ಟೇ.

ಆದರೆ ಆ ಜನಸಂಖ್ಯೆ 1971ರ ಜನಗಣತಿಯದು. ಕುಟುಂಬ ಯೋಜನೆಯಲ್ಲಿ ಮುಂದಾದ ರಾಜ್ಯಗಳಿಗೆ ನಷ್ಟವಾಗಬಾರದೆಂದು 1976ರ ತಿದ್ದುಪಡಿ ಆ ಅಂಕಿಯನ್ನು ಹಾಗೆಯೇ ನಿಲ್ಲಿಸಿತು. 2001ರ ತಿದ್ದುಪಡಿ ಈ ಅವಧಿಯನ್ನು 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೆ ವಿಸ್ತರಿಸಿತು. ನೇರ ಚುನಾವಣೆ ಬಂದರೆ ಈ ಆಸರೆ ಒಮ್ಮೆಗೇ ಹೋಗುತ್ತದೆ. ಕೇರಳ, ತಮಿಳುನಾಡುಗಳಂಥ ರಾಜ್ಯಗಳ ತೂಕ ಇಳಿದು, ಜನ ಹೆಚ್ಚಿದ ಉತ್ತರದ ರಾಜ್ಯಗಳ ತೂಕ ಏರುತ್ತದೆ. ಒಬ್ಬರಿಗೆ ಒಂದು ಮತ ಎಂಬ ನ್ಯಾಯವೂ ಸಣ್ಣದಲ್ಲ ಎಂಬುದನ್ನು ಒಪ್ಪಲೇಬೇಕು.

ಐರ್ಲೆಂಡಿನಲ್ಲಿ ಅಲಂಕಾರದ ಅಧ್ಯಕ್ಷರನ್ನೂ ಜನರೇ ಆರಿಸುವ ಪದ್ಧತಿಯಿದೆ. ಫ್ರಾನ್ಸಿನಲ್ಲಿ 1962ರಲ್ಲಿ ಜನಮತ ಪಡೆದು ನೇರ ಚುನಾವಣೆ ತಂದರು. ಅಲ್ಲಿಯ ಅಧ್ಯಕ್ಷರು ಆಳುವವರು. ಆದ್ದರಿಂದ ಯಾರು ಮತ ಹಾಕಬೇಕು ಎಂದು ಕೇಳುವ ಮೊದಲು, ಆ ಪೀಠಕ್ಕೆ ಎಷ್ಟು ಅಧಿಕಾರ ಕೊಡುತ್ತೇವೆ ಎಂದು ಕೇಳಬೇಕು. ಮಂತ್ರಿಮಂಡಲವೇ ಆಳಬೇಕೆಂದಾದರೆ ನಮ್ಮ ಹಿರಿಯರ ತೀರ್ಮಾನವೇ ಸರಿಯೆಂದು ತೋರುತ್ತದೆ. ಅಷ್ಟೊಂದು ಜನರ ಮತ ಪಡೆದವರು ಸುಮ್ಮನೆ ಸಹಿ ಹಾಕುತ್ತ ಕುಳಿತಾರೇ?

ಮಂಜೇಶ್ವರ, ಹೊಸೂರು, ಜತ್ತ, ಅಕ್ಕಲಕೋಟೆ, ಮಡಕಶಿರಾ, ರಾಯದುರ್ಗದ ಕೇಳುಗರು ನೆನಪಿಡಬೇಕಾದದ್ದು ಇಷ್ಟು: ನಿಮ್ಮ ಶಾಸಕರನ್ನು ಆರಿಸುವ ದಿನವೇ ರಾಷ್ಟ್ರಪತಿಯ ಆಯ್ಕೆಯಲ್ಲಿ ನಿಮ್ಮ ಪಾಲನ್ನೂ ಅವರ ಕೈಗೆ ಕೊಡುತ್ತೀರಿ. ಮತ ಕೇಳಲು ಬಂದವರನ್ನು ರಸ್ತೆ, ನೀರು, ಶಾಲೆಗಳ ಜೊತೆಗೆ ಇದನ್ನೂ ಒಂದು ಮಾತು ಕೇಳಿರಿ.