ಪ್ರವಾಹ ವಿಮೆ (ಅಮೆರಿಕ)

ನೆರೆಯಿಂದ ಮನೆಗೂ ಸಾಮಾನಿಗೂ ಆಗುವ ನಷ್ಟವನ್ನು ತುಂಬಿಕೊಡುವ ಪ್ರತ್ಯೇಕ ವಿಮೆ. ಅಮೆರಿಕದ ಸಾಮಾನ್ಯ ಗೃಹವಿಮೆ ಗಾಳಿಗೆ ಹಾರಿಹೋದ ಛಾವಣಿಗೆ ಪರಿಹಾರ ಕೊಟ್ಟೀತು. ಬಾಗಿಲ ಸಂದಿಯಿಂದ ನುಗ್ಗಿದ ನೆರೆನೀರಿಗೆ ಕೊಡದು. 1965ರ ಬೆಟ್ಸಿ ಚಂಡಮಾರುತದ ಹಾನಿಯ ತರುವಾಯ, 1968ರಲ್ಲಿ, ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆ ಜಾರಿಗೆ ಬಂತು. ಇಂದು ಅದನ್ನು ಫೆಡರಲ್ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ನಡೆಸುತ್ತದೆ.

ಮನೆಯ ಅಪಾಯವನ್ನು ಅರಿಯಲು ಮೊದಲ ಆಧಾರ ಫೀಮಾದ ಪ್ರವಾಹ ನಕ್ಷೆ. ಅದರಲ್ಲಿ ‘ಎ’ ಅಕ್ಷರದಿಂದ ಶುರುವಾಗುವ ವಲಯಗಳೂ, ಕಡಲ ಅಲೆಯ ಹೊಡೆತವಿರುವ ‘ವಿ’ ವಲಯಗಳೂ ಹೆಚ್ಚು ಅಪಾಯದವು. ಅಲ್ಲಿ ಯಾವುದೇ ಒಂದು ವರ್ಷ ನೆರೆ ಬರುವ ಸಂಭವ ಕನಿಷ್ಠ ಶೇ. 1. ಇದನ್ನೇ ‘ನೂರು ವರ್ಷದ ನೆರೆ’ ಎಂದು ಕರೆದು ಜನ ಮೈಮರೆಯುವುದುಂಟು. ಆದರೆ 30 ವರ್ಷದ ಗೃಹಸಾಲ ತೀರುವುದರೊಳಗೆ ಆ ಸಂಭವ ಸುಮಾರು ಶೇ. 26ಕ್ಕೆ ಏರುತ್ತದೆ. ಈ ವಲಯಗಳಲ್ಲಿ ಫೆಡರಲ್ ಬೆಂಬಲದ ಸಾಲ ಪಡೆದವರಿಗೆ ವಿಮೆ ಕಡ್ಡಾಯ. ಗೆರೆಯಾಚೆಯವರು ನಿಶ್ಚಿಂತರಾಗುವಂತಿಲ್ಲ: 2017ರಲ್ಲಿ ಹಾರ್ವೆ ಚಂಡಮಾರುತದ ಮಳೆಗೆ ಹ್ಯೂಸ್ಟನ್ ಸುತ್ತಮುತ್ತ ವಲಯದ ಹೊರಗಿನ ಅಸಂಖ್ಯ ಮನೆಗಳೂ ಮುಳುಗಿದವು.

ಅಟ್ಲಾಂಟಿಕ್ ಚಂಡಮಾರುತ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಪಾಲಿಸಿ ಸಾಮಾನ್ಯವಾಗಿ ಕೊಂಡ 30 ದಿನಗಳ ನಂತರವಷ್ಟೇ ಜಾರಿಯಾಗುವುದರಿಂದ, ಚಂಡಮಾರುತದ ಮುನ್ಸೂಚನೆ ಕೇಳಿ ಓಡಿದರೆ ಪ್ರಯೋಜನವಿಲ್ಲ. ಏಪ್ರಿಲ್ ಕೊನೆಯೊಳಗೇ ಕೊಳ್ಳಬೇಕು. ಒಂದು ಕುಟುಂಬದ ಮನೆಯ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್ ರಕ್ಷಣೆ ಸಿಗುತ್ತದೆ. ಸಾಮಾನಿನ ರಕ್ಷಣೆಯನ್ನು ಬೇರೆಯಾಗಿಯೇ ಕೇಳಿ ಪಡೆಯಬೇಕು. ನೆಲಮಾಳಿಗೆಯಲ್ಲಿಟ್ಟ ಸೋಫಾ, ಟಿ.ವಿ.ಗಳಿಗೆ ಪರಿಹಾರವಿಲ್ಲ.