ತುಂಗಭದ್ರೆಯ ಈಚೆ ದಂಡೆಗೆ ಬಂದ ಹೃದಯ ಚಿಕಿತ್ಸೆ

ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಅದಕ್ಕೂ ಕಾಲು ಶತಮಾನ ಮೊದಲು, 1972ರಲ್ಲಿ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹೃದ್ರೋಗಿಗಳಿಗಾಗಿಯೇ ಒಂದು ಘಟಕ ಶುರುವಾಯಿತು. ಅದಕ್ಕೆ ಚಿತ್ರದುರ್ಗದ ಮುರುಘಾ ಮಠ ದೇಣಿಗೆ ಕೊಟ್ಟಿತ್ತು. ಊರೂರಲ್ಲಿ ವಿದ್ಯಾರ್ಥಿನಿಲಯ ಕಟ್ಟಿಸಿದ ಜಗದ್ಗುರು ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರೇ ಅದಕ್ಕೆ ಬಂತು. ಈಗಿನ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನವರಿಗೆ ಈ ಹೆಸರು ಅದಕ್ಕೂ ಮುಂಚೆಯೇ ಗೊತ್ತಿತ್ತು. 1965ರಲ್ಲಿ ದಾವಣಗೆರೆಯಲ್ಲಿ ತೆರೆದ ಜೆ.ಜೆ.ಎಂ. ವೈದ್ಯಕೀಯ ಕಾಲೇಜೂ ಅದೇ ಸ್ವಾಮಿಗಳ ಹೆಸರಿನದು. ಮಠಕ್ಕೆ ಭಕ್ತರು ಕೊಟ್ಟ ಕಾಣಿಕೆ ಆಸ್ಪತ್ರೆಯ ಗೋಡೆಯಾಗಿ ನಿಂತ ಈ ಸಂಗತಿಯನ್ನು ಮೊದಲಿಗೇ ನೆನೆಯಬೇಕು.

ಮುಂದೆ ಜಯದೇವ ಹೃದ್ರೋಗ ಸಂಸ್ಥೆ ಸ್ವಾಯತ್ತವಾಯಿತು, ಬನ್ನೇರುಘಟ್ಟ ರಸ್ತೆಯ ದೊಡ್ಡ ಕಟ್ಟಡಕ್ಕೆ ಹೋಯಿತು, ಮೈಸೂರು ಮತ್ತು ಕಲಬುರಗಿಯಲ್ಲಿ ಶಾಖೆ ತೆರೆಯಿತು. 2006ರಿಂದ 2024ರ ಜನವರಿಯವರೆಗೆ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅವರ ಕಾಲದಲ್ಲಿ ‘ಚಿಕಿತ್ಸೆ ಮೊದಲು, ಹಣ ನಂತರ’ ಎಂಬ ಮಾತು ಹಳ್ಳಿಹಳ್ಳಿಗೂ ಮುಟ್ಟಿತು. ಆದರೆ ಹಾವೇರಿಯಿಂದ ಬೆಂಗಳೂರು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಎದೆ ಹಿಡಿದುಕೊಂಡು ಕೂತವನನ್ನು ರಾತ್ರಿ ಬಸ್ಸು ಹತ್ತಿಸುವುದಾದರೂ ಹೇಗೆ? ಅದಕ್ಕೇ ನಮ್ಮ ಕಡೆಯವರು ಹಿಡಿದದ್ದು ಹೆದ್ದಾರಿಯ ಎರಡು ತುದಿಗಳನ್ನು. ಹಾವೇರಿಯವರು ಬಡಗಣಕ್ಕೆ, ಹುಬ್ಬಳ್ಳಿಯ ‘ಕಿಮ್ಸ್’ಗೆ. 1957ರಲ್ಲಿ ಶುರುವಾದ ಆ ಕರ್ನಾಟಕ ಮೆಡಿಕಲ್ ಕಾಲೇಜನ್ನು ಹಳಬರು ಇವತ್ತಿಗೂ ಕೆಎಂಸಿ ಎಂದೇ ಕರೆಯುತ್ತಾರೆ. ರಾಣೆಬೆನ್ನೂರಿನವರು ತೆಂಕಣಕ್ಕೆ, ದಾವಣಗೆರೆಗೆ. ನಡುವಿನ ಬ್ಯಾಡಗಿಯವರು ಮೋಟೆಬೆನ್ನೂರಿನ ಕೂಡಿಗೆ ಬಂದು, ನೆಂಟರು ಯಾವ ಊರಲ್ಲಿದ್ದಾರೆ ಎನ್ನುವುದನ್ನು ನೋಡಿ, ಎಡಕ್ಕೋ ಬಲಕ್ಕೋ ಹೊರಳುತ್ತಿದ್ದರು. ಆಮೇಲೆ ಧಾರವಾಡದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಲ್ಲೂ ದಾವಣಗೆರೆಯ ಎಸ್‌ಎಸ್ ಆಸ್ಪತ್ರೆಯಲ್ಲೂ ನಾರಾಯಣ ಹೃದಯಾಲಯದ ಸಹಯೋಗದ ಕೇಂದ್ರಗಳು ಬಂದವು. ತಿಂಗಳಿಗೊಮ್ಮೆ ಊರಿನ ನರ್ಸಿಂಗ್ ಹೋಮಿಗೆ ಬಂದು ಹೋಗುವ ಹೃದಯತಜ್ಞರ ಹೆಸರು ಬಸ್ ನಿಲ್ದಾಣದ ಗೋಡೆಗಳ ಮೇಲೆ ಕಾಣತೊಡಗಿತು.

ನಮ್ಮ ಸೀಮೆಯ ಹೃದ್ರೋಗವೆಂದರೆ ಬರೀ ಹೃದಯಾಘಾತವಲ್ಲ. ಮಕ್ಕಳ ಗಂಟಲು ನೋವಿನಿಂದ ಶುರುವಾಗುವ ಸಂಧಿವಾತ ಜ್ವರ ಎಷ್ಟೋ ಬಡಕುಟುಂಬಗಳನ್ನು ಕಾಡಿದೆ. ಜ್ವರ ಬಂದು ಹೋಗುತ್ತದೆ, ಕೀಲುನೋವು ಇಳಿಯುತ್ತದೆ, ಮನೆಯವರು ಮರೆತುಬಿಡುತ್ತಾರೆ. ಒಳಗೆ ಮೈಟ್ರಲ್ ಕವಾಟದ ಎಸಳುಗಳು ಮಾತ್ರ ವರ್ಷಗಟ್ಟಲೆ ಒಂದಕ್ಕೊಂದು ಅಂಟಿಕೊಳ್ಳುತ್ತ ಬರುತ್ತವೆ. ಹುಡುಗಿ ಮದುವೆಯಾಗಿ ಬಸುರಾದಾಗ ಏದುಸಿರು ಹತ್ತಿ, ಆಗ ಮೊದಲ ಸಲ ‘ವಾಲ್ವು ಕೆಟ್ಟೈತಿ’ ಎನ್ನುವ ಮಾತು ಕಿವಿಗೆ ಬೀಳುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತುಂಬು ಆರಿಸುವ ಹೆಣ್ಣುಮಕ್ಕಳು ಏದುಸಿರನ್ನು ಘಾಟಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದು ಎಷ್ಟು ಸುಲಭ! ಜಯದೇವ ಸಂಸ್ಥೆ ದೊಡ್ಡ ಹೆಸರು ಗಳಿಸಿದ್ದು ಈ ಕಾಯಿಲೆಯ ಚಿಕಿತ್ಸೆಯಲ್ಲೇ. ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯನ್ನು ದಾಟಿಸಿ, ಕವಾಟದ ಬಾಯಲ್ಲಿ ಬಲೂನನ್ನು ಕೆಲವೇ ಕ್ಷಣ ಉಬ್ಬಿಸುತ್ತಾರೆ. ಅಂಟಿದ ಎಸಳು ಬಿಡುತ್ತದೆ. ಎದೆ ಸೀಳಬೇಕಾಗಿಲ್ಲ. ಅದಕ್ಕಿಂತ ಅಗ್ಗದ ದಾರಿಯೂ ಇದೆ: ಕಾಯಿಲೆ ಆರಂಭದಲ್ಲೇ ಗೊತ್ತಾದರೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು. ಅದು ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವ ಕೆಲಸ. ಈ ಚಿಕ್ಕ ಕೆಲಸವನ್ನು ವರ್ಷಾನುಗಟ್ಟಲೆ ತಪ್ಪದೆ ಮಾಡಿಕೊಂಡು ಬಂದ ಸಿಸ್ಟರುಗಳೂ ಹೃದಯತಜ್ಞರಷ್ಟೇ ಜೀವ ಉಳಿಸಿದ್ದಾರೆಂದು ನಾನು ನಂಬುತ್ತೇನೆ.

ದೂರಕ್ಕಿಂತಲೂ ದೊಡ್ಡ ಅಡ್ಡಿ ದುಡ್ಡು. ‘ಹೊಲ ಮಾರಿ ಆಪರೇಷನ್ ಮಾಡಿಸಿದ್ರು’ ಎನ್ನುವ ಮಾತು ಒಂದು ಕಾಲಕ್ಕೆ ಪ್ರತಿ ಊರಲ್ಲೂ ಕೇಳುತ್ತಿತ್ತು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರಿ ಸಂಘಗಳ ರೈತರಿಗೆ ತಿಂಗಳಿಗೆ ಐದು ರೂಪಾಯಿ ವಂತಿಗೆಯಲ್ಲಿ ಶಸ್ತ್ರಚಿಕಿತ್ಸೆ ಒದಗಿಸಿತು. ಸಂಘದ ಸದಸ್ಯತ್ವವೂ ಇಲ್ಲದ ಕೂಲಿಕಾರರಿಗೆ ಬಾಗಿಲು ತೆರೆದದ್ದು 2010ರ ವಾಜಪೇಯಿ ಆರೋಗ್ಯಶ್ರೀ. ಬಿಪಿಎಲ್ ಕಾರ್ಡಿದ್ದರೆ ಹೃದಯ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳಿಗೆ ನಗದು ಕಟ್ಟದೆ ಚಿಕಿತ್ಸೆ. ಹಳ್ಳಿಗಳಲ್ಲಿ ಶಿಬಿರ ಮಾಡಿ ರೋಗಿಗಳನ್ನು ಗುರುತಿಸಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವ ವ್ಯವಸ್ಥೆಯೂ ಇತ್ತು.

ಆರೋಗ್ಯಶ್ರೀ ಯೋಜನೆ ಮೊದಲು ಬಂದದ್ದು ಕಲಬುರಗಿ ಮತ್ತು ಬೆಳಗಾವಿ ವಿಭಾಗಗಳಿಗೆ ಮಾತ್ರ. ಹಾವೇರಿ ಬೆಳಗಾವಿ ವಿಭಾಗದ್ದು, ದಾವಣಗೆರೆ ಬೆಂಗಳೂರು ವಿಭಾಗದ್ದು. ಹೀಗಾಗಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಬಡವನಿಗೆ ಸಿಕ್ಕ ಸೌಲಭ್ಯ, ತುಂಗಭದ್ರೆಯ ಸೇತುವೆ ದಾಟಿದರೆ ಸಿಗುವ ಹರಿಹರದ ಬಡವನಿಗೆ ಆಗ ಸಿಗಲಿಲ್ಲ. ಒಂದೇ ನೀರು, ಒಂದೇ ಬೆಳೆ, ಒಂದೇ ಕೂಲಿ. ವಿಭಾಗ ಮಾತ್ರ ಬೇರೆ. ಯೋಜನೆ ಇದ್ದ ಮತ್ತು ಇಲ್ಲದ ಪ್ರದೇಶಗಳ ಈ ಗಡಿಯ ಎರಡೂ ಬದಿಯ 572 ಹಳ್ಳಿಗಳಲ್ಲಿ, ಸುಮಾರು 60,000 ಮನೆಗಳಲ್ಲಿ ಸಂಶೋಧಕರು ವಿಚಾರಿಸಿದರು. ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಗೆ ಒಳಪಡುವ ಕಾಯಿಲೆಗಳಿಂದ, ಮುಖ್ಯವಾಗಿ ಹೃದ್ರೋಗ ಮತ್ತು ಕ್ಯಾನ್ಸರಿನಿಂದ, ಆದ ಸಾವಿನ ಪ್ರಮಾಣ ಸೌಲಭ್ಯವಿದ್ದ ಬಡಕುಟುಂಬಗಳಲ್ಲಿ ಶೇ. 0.32, ಗಡಿಯ ತೆಂಕಣಕ್ಕೆ ಸೌಲಭ್ಯವಿಲ್ಲದ ಬಡಕುಟುಂಬಗಳಲ್ಲಿ ಶೇ. 0.90. ಬಡತನ ರೇಖೆಗಿಂತ ಮೇಲಿದ್ದ, ಎರಡೂ ಕಡೆ ಯೋಜನೆಗೆ ಹೊರಗಿದ್ದ ಮನೆಗಳಲ್ಲಿ ಇಂಥ ಅಂತರ ಕಾಣಲಿಲ್ಲ. ನಮ್ಮ ಭಾಗದ ಆರೋಗ್ಯ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿಅಂಶ ನನಗೆ ತಿಳಿದಿಲ್ಲ. 2012ರಲ್ಲಿ ಯೋಜನೆ ಉಳಿದ ವಿಭಾಗಗಳಿಗೂ ವಿಸ್ತರಿಸಿತು, 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದೊಳಗೆ ಸೇರಿತು. ನಡುವೆ 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿದ್ದು ಕಾರ್ಡಿಲ್ಲದವರಿಗೂ ಅನುಕೂಲವಾಯಿತು.

ಇನ್ನು ಉಳಿದದ್ದು ಹೊತ್ತಿನ ಪ್ರಶ್ನೆ. ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡಾಗ ಎರಡು ತಾಸಿನೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅದೇ ಒಳ್ಳೆಯದು. ಆಗದಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಇದ್ದಲ್ಲೇ ಕೊಡಬೇಕು. ಬ್ಯಾಡಗಿಯಿಂದ ಹುಬ್ಬಳ್ಳಿಗೆ ಬರೀ ಪ್ರಯಾಣಕ್ಕೇ ಒಂದೂವರೆ ತಾಸು ಹಿಡಿಯಬಹುದು. ‘ಗ್ಯಾಸ್ ಆಗೈತಿ, ಒಂದು ಸೋಡಾ ಕುಡೀರಿ’ ಎಂದು ಅದಕ್ಕೂ ಮುಂಚೆ ಕಳೆದ ಹೊತ್ತು ಬೇರೆ. 2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಆಧಾರ ಈ ಲೆಕ್ಕವೇ. 2021ರ ಅಕ್ಟೋಬರ್ 29ರಂದು ನಟ ಪುನೀತ್ ತೀರಿಕೊಂಡ ಆಘಾತ ಊರೂರಿಗೂ ತಟ್ಟಿತ್ತು. ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ಅಲ್ಲಿಂದಲೇ ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹಿಂದಿನ ಸ್ಟ್ರೆಪ್ಟೊಕೈನೇಸನ್ನು ಡ್ರಿಪ್ ಮೂಲಕ ಅರ್ಧ ಗಂಟೆಯಿಂದ ಒಂದು ಗಂಟೆ ಹನಿಸಬೇಕಿತ್ತು. ಟೆನೆಕ್ಟೆಪ್ಲೇಸನ್ನಾದರೆ ರೋಗಿಯ ತೂಕ ನೋಡಿ ಅಳತೆ ಮಾಡಿ ಐದು-ಹತ್ತು ಸೆಕೆಂಡುಗಳಲ್ಲಿ ಒಂದೇ ಸಲಕ್ಕೆ ಕೊಟ್ಟು ಮುಗಿಸಬಹುದು.

ಚುಚ್ಚುಮದ್ದು ಕೊಟ್ಟ ಮೇಲಿನ ತಾಸುಗಳೂ ಅಷ್ಟೇ ಮುಖ್ಯ. ನೋವು ಇಳಿಯಿತೆಂದರೆ ರೋಗಿ ಎದ್ದು ಕೂರುತ್ತಾನೆ, ಮನೆಯವರು ‘ಆರಾಮಾಗೈತಲ್ರೀ, ನಾಡಿದ್ದು ಹೋಗೂಣು’ ಎನ್ನುತ್ತಾರೆ. ಹೆಪ್ಪು ಕರಗಿದರೂ ನಾಳ ಕಿರಿದಾಗಿಯೇ ಇರುತ್ತದೆ. 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು. ಆ ಮನೆಯವರನ್ನು ಕೂರಿಸಿಕೊಂಡು ತಿಳಿಹೇಳಿ, ಕಾರ್ಡು ಇದೆಯೇ ನೋಡಿ, ಹುಬ್ಬಳ್ಳಿಗೋ ದಾವಣಗೆರೆಗೋ ಫೋನು ಮಾಡಿ, 108 ಆಂಬುಲೆನ್ಸಿನಲ್ಲಿ ಅಂದೇ ಕಳಿಸಿಕೊಡುವ ಜವಾಬ್ದಾರಿ ಈಗ ನಮ್ಮ ತಾಲ್ಲೂಕು ಆಸ್ಪತ್ರೆಗಳ ಮೇಲಿದೆ.