ಬಸವರಾಜ, ಬಸ್ಯಾ, ಬಸವಿ

ಹುಬ್ಬಳ್ಳಿ ದುರ್ಗದಬೈಲಿನ್ಯಾಗ ನಿಂತು ‘ಬಸವರಾಜ’ ಅಂತ ಕರೆದರ ಹತ್ತು ಮಂದಿ ತಿರುಗತಾರ. ಈ ಸೀಮೆಯ ಚರಿತ್ರೆಯಲ್ಲೂ ಬಸವರಾಜರಿಗೆ ಕೊರತೆಯಿಲ್ಲ. ಯಲಿವಾಳದಲ್ಲಿ ಹುಟ್ಟಿ ಹಿಂದೂಸ್ತಾನಿ ಹಾಡಿದ ಬಸವರಾಜ ರಾಜಗುರು 1991ರಲ್ಲಿ ತೀರಿಕೊಂಡರು. ಹುಬ್ಬಳ್ಳಿಯ ಬಸವರಾಜ ಬೊಮ್ಮಾಯಿ 2021ರಲ್ಲಿ ಮುಖ್ಯಮಂತ್ರಿಯಾದರು. ಗೋಕಾಕ ಕಡೆಯ ಬಸವರಾಜ ಕಟ್ಟೀಮನಿ (1919–1989) ‘ಜರತಾರಿ ಜಗದ್ಗುರು’ ಬರೆದು ಮಠಗಳನ್ನೇ ಕೆಣಕಿದರು. ಮೂವರಲ್ಲಿ ನನಗೆ ಹತ್ತಿರದವರು ಇವರೇ.

ಹೆಸರು ಬಂದದ್ದು ಹನ್ನೆರಡನೆಯ ಶತಮಾನದ ಬಸವಣ್ಣನಿಂದ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಕಲ್ಯಾಣದಲ್ಲಿ ನೆತ್ತರು ಹರಿಯಿತೆಂದು ಪರಂಪರೆ ಹೇಳುತ್ತದೆ. ಅದೇ ಹೆಸರು ಊರೊಳಗೆ ‘ರಾಜ’ನಾಯಿತು, ಕೇರಿಗೆ ಬರುವಷ್ಟರಲ್ಲಿ ‘ಬಸ್ಯಾ’. ಗೆಳೆಯ ಕರೆದ ಬಸ್ಯಾ ಬ್ಯಾರೆ, ಗೌಡ ಕರೆದ ಬಸ್ಯಾ ಬ್ಯಾರೆ.

ಇಷ್ಟಕ್ಕೇ ಮುಗಿಯಲಿಲ್ಲ. ಬಸವ ಅಂದರೆ ಗೂಳಿಯೂ ಹೌದು. ದೇವರಿಗೆ ಬಿಟ್ಟ ಗೂಳಿ ಬಸವ, ದೇವರಿಗೆ ಬಿಟ್ಟ ಹುಡುಗಿ ಬಸವಿ. ಗೂಳಿ ಯಾರ ಹೊಲ ಮೇದರೂ ಹೊಡೆಯುವಂತಿರಲಿಲ್ಲ. ಬಸವಿಯನ್ನು ಉಳ್ಳವರು ಮೇಯಬಹುದಿತ್ತು. ಹೀಗೆ ಬಿಟ್ಟವರಲ್ಲಿ ಹೆಚ್ಚಿನವರು ನಮ್ಮ ಕೇರಿಯ ಮಕ್ಕಳು. 1982ರ ದೇವದಾಸಿ ನಿಷೇಧ ಕಾಯ್ದೆ ಇದನ್ನು ಅಪರಾಧವೆಂದಿತು. ಬಸವರಾಜರ ಪಟ್ಟಿ ಮಾಡುವ ನಮ್ಮ ಚರಿತ್ರೆಕಾರರು ಬಸವಿಯರ ಹೆಸರು ಕೇಳ್ಯಾರೇನು? ಬಸವಿ ಅನ್ನೂದು ಅವರ ಹೆಸರಲ್ಲ. ಮನಿಯೊಳಗ ಅವ್ವ ಇಟ್ಟ ಹೆಸರು ಬ್ಯಾರೆ ಇತ್ತು.